ಯದುಗಿರಿ ಮೇಡಂ ಉಣ್ಣದ ಮನೆ

ಯದುಗಿರಿ ಮೇಡಂ ಬರೀ ಬಾಯಲ್ಲಿ ಹೇಳುವವರು ಅಂತ ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ವಿಶ್ವವಿದ್ಯಾನಿಲಯದಲ್ಲಿ ಇಪ್ಪತ್ತೆರಡು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಹೊರದೇಶದ ವಿದ್ಯಾರ್ಥಿಗಳನ್ನು ಕರೆತಂದು ನಮ್ಮ ಮಾದಿಹಳ್ಳಿಯ ಮನೆಗಳಲ್ಲಿ ಹದಿನೈದು ದಿನ ಇರಿಸುವುದು. ಇನ್ನೊಬ್ಬರ ಬದುಕು ತಿಳಿಯಬೇಕಾದರೆ ಅವರ ಜೊತೆ ಕೂತು ಉಣ್ಣಬೇಕು ಅನ್ನುವುದು ಅವರ ಪಾಠ. ನನ್ನ ಅವ್ವ ಸಾವಿತ್ರಮ್ಮನ ಮನೆಗೆ ಪ್ರತಿ ವರ್ಷ ಒಬ್ಬರಾದರೂ ಬರುತ್ತಿದ್ದರು. ಅದನ್ನೆಲ್ಲ ನೋಡುತ್ತಲೇ ಬೆಳೆದ ನಾನು ಓದು ಮುಗಿಸಿ ಮೇಡಂ ವಿಭಾಗದಲ್ಲೇ ಕೆಲಸಕ್ಕೆ ಸೇರಿದೆ.

ಅರಸೀಕೆರೆಯಲ್ಲಿ ರೈಲಿಳಿದ ಹುಡುಗರನ್ನು ಜಾವಗಲ್ ಬಸ್ಸು ಹತ್ತಿಸುವ ಮುಂಚೆ ಅವರು ಹೇಳುತ್ತಿದ್ದದ್ದು ಎರಡೇ ಮಾತು. "ಮನೆಯವರು ಕೊಟ್ಟಿದ್ದನ್ನ ತಿನ್ನಿ. ಕೊಡದೇ ಇರೋದನ್ನ ಕೇಳಬೇಡಿ."

ಆದರೆ ಅವರೇ ತಿನ್ನುತ್ತಿರಲಿಲ್ಲ! ನಮ್ಮ ಜಗಲಿಯ ಮೇಲೆ ಕೂತು, ಬೇಲೂರಿನ ಮನೆಯಿಂದ ತಂದ ಮೊಸರನ್ನದ ಡಬ್ಬಿ ಬಿಚ್ಚುತ್ತಿದ್ದರು. ಕ್ಯಾಂಟೀನಿನ ಕಾಫಿಯನ್ನೂ ಕುಡಿದವರಲ್ಲ. ಅವರ ತಂದೆ ವರದರಾಜ ಅಯ್ಯಂಗಾರರು ದೇವಸ್ಥಾನದ ಸೇವೆಯಲ್ಲಿದ್ದವರು. ಮಗಳು ಕೆಲಸಕ್ಕೆ ಹೊರಟ ದಿನ ಮಾತು ತೆಗೆದುಕೊಂಡಿದ್ದರು: "ಎಲ್ಲಿಗಾದ್ರೂ ಹೋಗಮ್ಮ. ನಾನಿರೋ ತನಕ ಹೊರಗೆ ಬೇಯಿಸಿದ್ದು ಮಾತ್ರ ಬಾಯಿಗಿಡಬೇಡ." ಇದು ತಿಳಿದ ಮೇಲೆ ಅವ್ವ ಮೇಡಂಗೆ ಕೊಡುತ್ತಿದ್ದದ್ದು ಎರಡು ಬಾಳೆಹಣ್ಣು, ಒಂದು ಎಳನೀರು. ಬೇರೇನಕ್ಕೂ ಒತ್ತಾಯ ಮಾಡಿದವಳಲ್ಲ.

ಒಂದು ಸಲ ಜರ್ಮನಿಯ ಹುಡುಗಿಯೊಬ್ಬಳು, ಮುದ್ದೆ ಅಗಿಯದೆ ನುಂಗುವುದನ್ನು ಆಗಷ್ಟೇ ಕಲಿತವಳು, "ಮೇಡಂ, ನಿಮಗೆ ಈ ಮನೆ ಇಷ್ಟ ಇಲ್ವಾ?" ಎಂದು ಕೇಳಿಬಿಟ್ಟಳು. ಮೇಡಂ ಡಬ್ಬಿ ಮುಚ್ಚಿದರು. ಅವತ್ತು ವಾಪಸ್ ಬಸ್ಸಿನಲ್ಲಿ ನನಗೆ ಹೇಳಿದರು: "ಮಧು, ಒಂದು ದಿನ ನಿಮ್ಮನೇಲಿ ಊಟ ಮಾಡ್ಬೇಕು ಕಣೇ. ಆದ್ರೆ ಹಾಗೆ ಅಂದ್ಕೊಂಡ್ರೆ, ಅಪ್ಪ ಯಾವಾಗ ಹೋಗ್ತಾರೋ ಅಂತ ಕಾದ ಹಾಗಾಗುತ್ತೆ." ಆಮೇಲೆ ಅವರು ನಕ್ಕಿದ್ದನ್ನು ನಾನು ಹೆಚ್ಚು ನೋಡಲಿಲ್ಲ.

ಕಳೆದ ವರ್ಷ ಅವರು ನಿವೃತ್ತರಾದರು. ಕಾರ್ಯಕ್ರಮವೂ ನಿಂತಿತು. ಇನ್ನು ವಿಶ್ವವಿದ್ಯಾನಿಲಯದವರು ಕಂಪ್ಯೂಟರ್ ಪರದೆಯಲ್ಲೇ ಕಲಿಸುತ್ತಾರಂತೆ. ಪರದೆಯಲ್ಲಿ ಮುದ್ದೆ ನುಂಗಲಿ, ನೋಡೋಣ! ಅದೇ ತಿಂಗಳು ಅಯ್ಯಂಗಾರರು ತೀರಿಕೊಂಡರು. ಮೇಡಂ ಅಳಲಿಲ್ಲ. ಫೋನು ಮಾಡಿದಾಗಲೆಲ್ಲ "ಏನೂ ಅನ್ನಿಸ್ತಿಲ್ಲ ಕಣೇ" ಅನ್ನುತ್ತಿದ್ದರು.

ವರ್ಷದ ತಿಥಿ ಮುಗಿದ ವಾರ ಮಾದಿಹಳ್ಳಿಗೆ ಬಂದರು. ಕೈಯಲ್ಲಿ ಡಬ್ಬಿ ಇರಲಿಲ್ಲ. ಜಗಲಿ ದಾಟಿ ಒಳಗೆ ಬಂದು ನನ್ನ ಪಕ್ಕದಲ್ಲೇ ಊಟಕ್ಕೆ ಕೂತರು.

"ಸಾವಿತ್ರಮ್ಮ, ಇವತ್ತು ನಂಗೂ ಬಡಿಸಿ."

ಅವ್ವ ಸೌಟು ಹಿಡಿದುಕೊಂಡೇ ನಿಂತಳು. "ಬ್ಯಾಡ್ರವ್ವ. ದೊಡ್ಡೋರು ಹೋದ್ರು ಅಂತ ಅವರ ಮಾತೂ ಹೋಯ್ತದಾ? ಇಷ್ಟು ವರ್ಷ ಕಾಪಾಡ್ಕಂಡು ಬಂದೀರಿ, ನಮ್ಮನೇಲಿ ಕೆಡೋದು ಬ್ಯಾಡ." ಒಳಗೆ ಹೋಗಿ ಎರಡು ಬಾಳೆಹಣ್ಣು, ಎಳನೀರು ತಂದು ಮರ್ಯಾದೆಯಿಂದ ಅವರ ಮುಂದೆ ಇಟ್ಟಳು.

ಅವ್ವನ ಮೇಲೆ ನನಗೆ ಸಿಟ್ಟು ಬಂತು. ಏನಂತ ಬೈಯಲಿ? "ಮೇಡಂ, ನಾನು ಹಾಕ್ಲಾ?" ಎಂದು ಮೆಲ್ಲಗೆ ಕೇಳಿದೆ.

"ಬೇಡ ಕಣೇ. ಕೊಡದೇ ಇರೋದನ್ನ ಕೇಳ್ಬಾರ್ದು ಅಂತ ಎಲ್ಲರಿಗೂ ನಾನೇ ಹೇಳ್ತಿದ್ದೆ. ನಾನೇ ಕೇಳ್ಬಿಟ್ಟೆ ನೋಡು."

ಬಾಳೆಹಣ್ಣು ಸುಲಿದು ತಿನ್ನತೊಡಗಿದರು.