ಕಾಡವ್ವನ ಹಿಂಡು ಸೇತುವೆ ದಾಟಿದ್ದು

ಖಾನಾಪುರದ ಕುರುಬರ ಕಾಡವ್ವನಿಗೆ ಐವತ್ತು ದಾಟಿತ್ತು. ಗಂಡ ತೀರಿಕೊಂಡ ಮೇಲೆ ಎಂಬತ್ತು ಕುರಿಗಳನ್ನು ಒಬ್ಬಳೇ ಸಾಕಿಕೊಂಡು ಬಂದವಳು. ಖಾನಾಪುರದ ಜಡಿಮಳೆಯಲ್ಲಿ ನಿಂತರೆ ಕುರಿಗಳ ಗೊರಸು ಕೊಳೆಯುತ್ತದೆ. ಅದಕ್ಕೇ ಪ್ರತಿವರ್ಷ ಮಳೆ ಬಲಿಯುವ ಮೊದಲೇ ಮಲಪ್ರಭೆ ದಾಟಿ, ಮೂಡಣದ ಬಯಲಿಗೆ ಹಿಂಡು ಹೊಡೆದುಕೊಂಡು ಹೋಗುತ್ತಿದ್ದಳು.

ಹೊಳೆಯ ನಡುವೆ ಆಳೆತ್ತರದ ಕರಿಗಲ್ಲೊಂದಿತ್ತು. ನೀರು ಅದರ ನಡುವಿಗಿಂತ ಕೆಳಗಿದ್ದರೆ ಹಿಂಡು ದಾಟಬಹುದು, ಮೇಲಿದ್ದರೆ ಕೂಡದು. ಕುರುಬರು ನಂಬಿದ್ದು ಅದೊಂದನ್ನೇ.

ಈಚೆ ದಂಡೆಯ ಪೇಟೆ ಬೆಳೆಯಿತು, ಆಚೆ ಹಂಚಿನ ಭಟ್ಟಿಗಳ ಸುತ್ತ ಇನ್ನೊಂದು ಊರೇ ಎದ್ದಿತು. ಎರಡನ್ನೂ ಕೂಡಿಸಲು ಸೇತುವೆಯ ಕೆಲಸ ಶುರುವಾಯಿತು. ಬೆಳಗಾವಿಯಿಂದ ಬಂದ ಓವರ್‌ಸಿಯರ್ ಬಿಂದುಮಾಧವರಾಯರು ಆ ಕರಿಗಲ್ಲಿಗೆ ಮದ್ದಿಟ್ಟು ಒಡೆಸಿ, ಚೂರುಗಳನ್ನು ಬುನಾದಿಗೆ ತುಂಬಿಸಿದರು. ಕಲ್ಲು ಒಡೆಸಬೇಡಿರೆಂದು ಕಾಡವ್ವ ಕೈಮುಗಿದು ಬೇಡಿಕೊಂಡಿದ್ದಳು.

"ಸೇತುವಿನೇ ಆಗತದ, ಆಮ್ಯಾಲೆ ನಿನಗ ಕಲ್ಲು ಯಾಕ?" ಎಂದು ನಕ್ಕಿದ್ದರು ರಾಯರು.

1926ರಲ್ಲಿ ಸೇತುವೆ ಮುಗಿದ ವಾರವೇ ಮಳೆ ಹಿಡಿಯಿತು. ಕಾಡವ್ವ ಹಿಂಡಿನೊಂದಿಗೆ ಬಂದಾಗ ಸೇತುವೆಯ ಬಾಯಿಗೆ ಅಡ್ಡವಾಗಿ ಬಿದಿರು ಕಟ್ಟಿತ್ತು.

"ಸೋಮವಾರ ಕಲೆಕ್ಟರ್ ದೊರಿ ಬಂದು ಇದನ್ನ ಬಿಚ್ಚಿ ಸೇತುವಿ ಸುರು ಮಾಡತಾರ. ಅಲ್ಲೀತನಕ ಇರುವಿ ಸೈತ ದಾಟಬಾರದಂತ," ಎಂದ ಕಾವಲುಗಾರ ಸಾತಪ್ಪ.

"ನನ್ನ ಕುರಿಗೆ ಸೋಮವಾರ ತಿಳಿಯಂಗಿಲ್ಲೋ ತಮ್ಮಾ. ನಾಕು ದಿನ ಕೆಸರಾಗ ನಿಂತ್ರ ಕಾಲು ಕೊಳೀತಾವ."

"ಹಂಗಾರ ಹೊಳ್ಯಾಗ ದಾಟ ಬೇ ಯವ್ವಾ."

ಕಾಡವ್ವ ಹೊಳೆಯತ್ತ ನೋಡಿದಳು. ಬರೀ ಕೆಂಪು ನೀರು. ಆಳ ಹೇಳಲು ಕಲ್ಲಿಲ್ಲ. ಅವಳ ಮೈ ಧಗಧಗ ಉರಿಯಿತು. ಕುಡುಗೋಲಿನಿಂದ ಹಗ್ಗ ಕೊಯ್ದು, ಬಿದಿರನ್ನು ಎತ್ತಿ ಆಚೆ ಒಗೆದಳು.

ಆದರೆ ಕುರಿಗಳು ಹೆಜ್ಜೆ ಇಡಲೊಲ್ಲವು. ಕಾಲ ಕೆಳಗೆ ಕಂಡರಿಯದ ನೆಲ, ಅದರ ಅಡಿಯಲ್ಲಿ ನೀರಿನ ಭೋರ್ಗರೆತ. ಟಗರು ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಅಷ್ಟರಲ್ಲಿ ಕೊಡೆ ಹಿಡಿದ ರಾಯರು ಓಡಿ ಬಂದರು.

"ಏ ಮುದುಕಿ! ದೊರಿಗಿಂತ ನಿನ್ನ ಕುರಿ ಮೊದಲೇನ? ಹಿಕ್ಕಿ ಬಳಿಯಾವ್ರು ಯಾರು?"

"ನನ್ನ ಕಲ್ಲು ತಿರುಗಿ ಹೊಳ್ಯಾಗ ಇಡ್ರೀ ರಾಯರ, ಈಗಿಂದೀಗ ನೀರಿಗಿ ಇಳೀತೀನಿ. ಇಡ್ತೀರೇನು?"

"ಪೊಲೀಸರನ್ನ ಕರಸ್ತೀನಿ!"

"ಕರಸ್ರಿ. ಅವ್ರು ಬರೂದ್ರಾಗ ನಾ ಆಚಿ ಇರ್ತೀನಿ."

ಕಾಡವ್ವ ನಾಲ್ಕು ದಿನದ ಮರಿಯೊಂದನ್ನು ಎತ್ತಿ, ತಾಯಿಯ ಮೂಗಿಗೆ ಹಿಡಿದು, ತಿರುಗಿ ನೋಡದೆ ಸೇತುವೆಯ ಮೇಲೆ ನಡೆದಳು. ಮರಿ ಅರಚಿತು. ತಾಯಿ ಒಂದು ಗಳಿಗೆ ತಡೆದು, ಓಡಿತು. ಅದರ ಹಿಂದೆ ಟಗರು, ಟಗರಿನ ಹಿಂದೆ ಇಡೀ ಹಿಂಡು. ರಾಯರು ಸೇತುವೆಯ ಅಂಚಿನ ಕಟ್ಟೆಗೆ ಒತ್ತಿಕೊಂಡು ನಿಂತರು. ಒದ್ದೆ ಉಣ್ಣೆಯೆಲ್ಲ ಅವರ ಬಿಳಿ ಧೋತರಕ್ಕೆ ಒರೆಸಿಕೊಂಡು ಹೋಯಿತು. ಸಾತಪ್ಪ ನಗು ತಡೆಯಲು ಮುಖ ತಿರುಗಿಸಿದ.

ಆಚೆ ದಂಡೆಯಲ್ಲಿ ಎಂಬತ್ತೂ ಇದ್ದವು. ಅವಳ ಸಿಟ್ಟು ಮಾತ್ರ ಇಳಿದಿರಲಿಲ್ಲ. ಮರಿಯನ್ನು ತಾಯಿಯ ಮೊಲೆಗೆ ಬಿಟ್ಟು, ಸೇತುವೆಯ ಕಡೆಗೆ ಕೂಗಿದಳು:

"ಇನ್ನ ಕರೀರಿ ನಿಮ್ಮ ದೊರಿನ್ನ! ದಾರಿ ತುಳದು ಕೊಟ್ಟೇನಿ!"