ಅಡುಗೆಮನೆಯಿಂದ ಬಂದ ಸಂಖ್ಯೆಗಳು

ಈ ಸಂಗತಿಯನ್ನು ನಮ್ಮ ಮನೆಯಲ್ಲಿ ತಮಾಷೆಯಾಗಿ ಹೇಳುವುದೇ ರೂಢಿ. ಹಬ್ಬಕ್ಕೆ ಸೇರಿದಾಗ ಯಾರಾದರೂ ಶುರು ಮಾಡುತ್ತಾರೆ, ನಗಬೇಕಾದ ಜಾಗದಲ್ಲಿ ಎಲ್ಲರೂ ನಗುತ್ತಾರೆ. ಹೇಳಿ ಹೇಳಿ ನುಣುಪಾದ ಆ ಕತೆಯ ಮೇಲೆ ನನಗೆ ನಂಬಿಕೆಯಿಲ್ಲ. ನನ್ನ ಬಳಿ ಸವೆಯದೆ ಉಳಿದಿರುವುದು ನಾಚಿಕೆಯೊಂದೇ. ಅದರ ಕಡೆಯಿಂದ ಬರೆಯಲು ನೋಡುತ್ತೇನೆ.

ಎರಡು ಸಾವಿರದ ದಶಕದ ನಡುವಿನ ಮಾತು. ವಿದ್ಯಾನಗರದ ನಮ್ಮ ಮನೆಯಲ್ಲಿ ಎರಡು ಕಂಪ್ಯೂಟರ್‌ಗಳಿದ್ದವು, ಎರಡಕ್ಕೂ ಸೇರಿ ಒಂದು ಬ್ರಾಡ್‌ಬ್ಯಾಂಡ್. ಜೋಡಿಸಿದವಳು ಅಕ್ಕ. ಅವಳು ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಕಲಿಸುತ್ತಿದ್ದಳು. ಬಾಗಿಲಿನ ಮೇಲಿಂದ ನೀಲಿ ವೈರ್ ಎಳೆದು ತಾನೇ ಮೊಳೆ ಹೊಡೆದಿದ್ದಳು, ಪ್ರತಿ ಯಂತ್ರಕ್ಕೂ ತಾನೇ ಒಂದು ವಿಳಾಸದ ಸಂಖ್ಯೆ ಕೊಟ್ಟಿದ್ದಳು. ಬಿ.ಎ. ಓದುತ್ತಿದ್ದ ನಾನು ಅದರಲ್ಲಿ ಹಾಡು ಕೇಳುತ್ತಿದ್ದೆ.

ಅಕ್ಕನಿಗೆ ಧಾರವಾಡದ ಸಂಬಂಧವೊಂದು ಬಂತು. ಹುಡುಗ ಹೈಸ್ಕೂಲ್ ಮಾಸ್ತರ. ಅವರು ನೋಡಿ ಹೋದ ಮೇಲೆ ಫೋನ್ ರಿಂಗಾದಾಗಲೆಲ್ಲ ಒಳಗೆ ಅಕ್ಕನ ಕೈಯಲ್ಲಿದ್ದ ಪಾತ್ರೆಯ ಸದ್ದು ನಿಲ್ಲುತ್ತಿತ್ತು. ಸಂಬಂಧ ತಂದ ಮಧ್ಯಸ್ಥರು ಅಪ್ಪನಿಗೆ ಮೊದಲೇ ಎಚ್ಚರಿಸಿದ್ದರು: "ಅವರಿಗೆ ಮನಿ ನಡಸೋ ಹುಡುಗಿ ಬೇಕ್ರಿ. ಭಾಳ ಶಾಣ್ಯಾಕಿ ಅಂತ ತೋರಿಸಬ್ಯಾಡ್ರಿ." ಹಾಗಾಗಿ ಅವರು ನೋಡಲು ಬಂದ ದಿನ ಅಪ್ಪ ಅಕ್ಕನ ನೌಕರಿಯನ್ನು 'ಸ್ವಲ್ಪ ಟೈಪಿಂಗ್' ಮಾಡಿ, ಅವಳ ಜಾಣತನವನ್ನೆಲ್ಲ ನನ್ನ ಕೊರಳಿಗೆ ಹಾಕಿದರು.

"ನಮ್ಮ ಹುಡುಗ ಸಿಡಿ ಇಲ್ಲದ, ಬರೇ ವೈರಿನ್ಯಾಗ ಹೊಸಾ ಸಿಸ್ಟಮ್ ಇಳಸ್ತಾನ್ರಿ. ಅದೂ ಕದ್ದದ್ದಲ್ಲ, ಯಾರ ಬೇಕಾದ್ರೂ ಹಾಕ್ಕೋಬಹುದು."

ನಾನು ತಲೆ ತಗ್ಗಿಸಿ ಶಿರಾ ತಿಂದೆ.

ಒಪ್ಪಿಗೆಯ ಮಾತು ಬರಲಿಲ್ಲ. ಬದಲಿಗೆ ಒಂದು ರವಿವಾರ ಹುಡುಗನ ತಂದೆಯೇ ಬಂದರು. ಹಳೆಯ ಧೋತರದಲ್ಲಿ ಗಂಟು ಕಟ್ಟಿದ ಕಂಪ್ಯೂಟರಿನ ಡಬ್ಬಿಯನ್ನು ಧಾರವಾಡದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು.

"ವೈರಸ್ ಹತ್ತೇತ್ರಿ. ಸಿಡಿ ಹಾಕೋ ಬಾಯೀನೂ ತೆರಿಯಂಗಿಲ್ಲ. ಒಳಗಿನ ಕಾಗದಪತ್ರ ಎಲ್ಲಾ ಬ್ಯಾರೆ ಕಡೆ ತಗದಿಟ್ಟೀವಿ. ನಿಮ್ಮ ಹುಡುಗ ಅದಾನಲ್ಲ ಅಂತ ತಂದೆ."

ಅಪ್ಪ ನನ್ನ ಕಡೆ ನೋಡಿದರು. ಬೀಗರಾಗಬಹುದಾದವರಿಗೆ ಇಲ್ಲ ಅನ್ನುವ ಮಾತು ನಮ್ಮಲ್ಲಿಲ್ಲ.

ಮಾತು ಪಕ್ಕಾ ಆಗುವವರೆಗೆ ಹುಡುಗಿ ಅವರೆದುರು ಸುಳಿಯಬಾರದು ಎಂಬುದು ಅವ್ವನ ನೇಮ. ನೀರು ಕುಡಿಯುವ ನೆಪದಲ್ಲಿ ನಾನೇ ಅಡುಗೆಮನೆಗೆ ಹೋದೆ. ಅಕ್ಕ ಫ್ಲಾಪಿಗಳ ಒಂದು ಕಟ್ಟು ಕೊಟ್ಟಳು. "ಒಂದಾದ ಮ್ಯಾಲೊಂದು ಹಾಕು. ಉಳಿದದ್ದು ವೈರಿನಿಂದ ತಾನ ಎಳಕೊಂತೈತಿ. ಕೇಳಿದ್ದಕ್ಕೆಲ್ಲಾ ಹೂಂ ಅನಕೋತ ಹೋಗು."

ಆ ಡಬ್ಬಿಯನ್ನು ನಮ್ಮ ಪರದೆಗೂ ನೀಲಿ ವೈರಿಗೂ ಜೋಡಿಸಿ, ಹೂಂ ಅನ್ನುತ್ತ ಹೋದೆ. ನೀಲಿ ಪರದೆ ಒಂದು ಪ್ರಶ್ನೆಯ ಮುಂದೆ ನಿಂತಿತು: ಈ ಯಂತ್ರದ ವಿಳಾಸವೇನು? ಅದಕ್ಕೆ ಸಂಖ್ಯೆ ಬೇಕಿತ್ತು. ಮತ್ತೆ ನೀರು. ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತ ಅಕ್ಕ ಸಂಖ್ಯೆಯನ್ನು ಪಿಸುಗುಟ್ಟಿದಳು. ಅದನ್ನು ಬಾಯಲ್ಲೇ ಗುನುಗುತ್ತ ಬಂದು ಒತ್ತಿದೆ. ಪರದೆ ಇನ್ನೊಂದು ಕೇಳಿತು: ಮನೆಯಿಂದ ಹೊರಗಿನ ಜಾಲಕ್ಕೆ ಹೋಗುವ ದಾರಿಯ ಸಂಖ್ಯೆ? ಮತ್ತೆ ಎದ್ದೆ.

"ತಮ್ಮಾ," ಎಂದರು ಧಾರವಾಡದ ಹಿರಿಯರು, "ಭಾಳ ನೀರ ಕುಡ್ಯಾಕತ್ತಿಯಲ್ಲ. ಸಕ್ರಿ ಬ್ಯಾನಿ ಏನರ ಐತೇನಪಾ?"

ಅಪ್ಪ ಕುರ್ಚಿಯಿಂದ ಅರ್ಧ ಎದ್ದರು. "ಇಲ್ರಿ, ಇಲ್ರಿ. ನಮ್ಮ ಮನೆತನದಾಗ ಯಾರಿಗೂ ಇಲ್ರಿ. ಅವರ ಅಜ್ಜಾ ಕಡೀತನಕ ಬೆಲ್ಲಾ ತಿಂದಾರ."

ಇನ್ನು ನೀರಿಗೆ ಹೋಗುವಂತಿರಲಿಲ್ಲ. ತೋಚಿದ ಸಂಖ್ಯೆ ಒತ್ತಿದೆ. ಪರದೆ ಕೆಂಪಾಯಿತು. ಇನ್ನೊಂದು ಒತ್ತಿದೆ. ಮತ್ತೆ ಕೆಂಪು. "ಸಾವಕಾಶ ಮಾಡಪಾ," ಎಂದರು ಅವರು. ಆ ಸಮಾಧಾನವೇ ನನ್ನನ್ನು ಹಿಂಡಿತು.

ಇಲ್ಲಿಂದ ಕತೆ ಒಡೆಯುತ್ತದೆ. ಹಬ್ಬದ ಕತೆಯಲ್ಲಿ ನಾನು ಧೈರ್ಯದಿಂದ, "ನನಗ ಬರಂಗಿಲ್ರಿ, ಇದೆಲ್ಲಾ ಅಕ್ಕನ ವಿದ್ಯಾ" ಎನ್ನುತ್ತೇನೆ. ನನ್ನ ನೆನಪಿನಲ್ಲಿ ಆ ಮಾತಿದೆ, ಧೈರ್ಯವಿಲ್ಲ. ಆ ಕುರ್ಚಿಯಿಂದ ಏಳುವುದಕ್ಕೆ ಬೇರೆ ದಾರಿ ಕಾಣಲಿಲ್ಲ, ಅಷ್ಟೇ. ಅಕ್ಕನ ಪ್ರಕಾರ ನಾನು ಬಾಯೇ ಬಿಡಲಿಲ್ಲ. ಕೀಬೋರ್ಡಿನ ಮೇಲೆ ನಾನು ಸುಮ್ಮನೆ ಕುಟ್ಟುವ ಸದ್ದು ತಡೆಯಲಾರದೆ ಅವಳೇ ಹೊರಗೆ ಬಂದಳು. ಯಾವುದು ಖರೆಯೋ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವಳು ನಿಂತಿದ್ದಳು, ಹಿರಿಯರು "ಹಂಗಾರ ನೀನ ಕೂಡವಾ" ಎಂದರು. ಇಷ್ಟರ ಮಟ್ಟಿಗೆ ನಮ್ಮಿಬ್ಬರಿಗೂ ಜಗಳವಿಲ್ಲ.

ಅವಳು ಕೂತಳು. ಪರದೆಯ ಮೇಲೆ ಕಡತಗಳ ಹೆಸರುಗಳು ಒಂದರ ಹಿಂದೆ ಒಂದು ಇಳಿಯತೊಡಗಿದವು. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಅವರ ಕಿವಿಗಳು ಕೆಂಪಾಗಿದ್ದವು. ನಾನು ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿಂದೆ. ಅದು ರುಚಿಯಾಗಿತ್ತು ಅನ್ನುವುದೂ ನಾಚಿಕೆಯ ಸಂಗತಿಯೇ.

ಇಳಿಯುವ ಕೆಲಸ ಸಂಜೆವರೆಗೂ ನಡೆಯಿತು. ಹಿರಿಯರು ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡರು.

"ಇದೆಲ್ಲಾ ಎಲ್ಲಿಂದ ಬರಾಕತ್ತೇತವಾ?"

"ಊರೂರಿನ ಮಂದಿ ಮಾಡಿ ಇಟ್ಟಾರ್ರಿ ಕಾಕಾ."

"ಪುಗಸಟ್ಟೆ? ಹಂಗಾರ ಮಾಡಿದವರ ಹೆಸರು ಹೇಳೋರು ಯಾರು?"

"ಹೆಸರು ಅದರೊಳಗ ಬರದಿರ್ತಾರ್ರಿ. ತಗಿಯೂ ಹಂಗಿಲ್ಲ."

ಹಿರಿಯರು ಒಮ್ಮೆ ಅಪ್ಪನ ಕಡೆ ತಿರುಗಿದರು. ಬೈದಿದ್ದರೆ ಒಳ್ಳೆಯದಿತ್ತು. ಕೆಲಸ ಮುಗಿದ ಮೇಲೆ ಧೋತರದ ಗಂಟು ಕಟ್ಟಿ, "ಬರ್ತೇನ್ರಿ" ಎಂದು ಹೊರಟರು. ಸಂಬಂಧದ ಮಾತೇ ಎತ್ತಲಿಲ್ಲ. ಅಕ್ಕ ಒಳಗೆ ಹೋಗಿ ತಿಕ್ಕಿದ ಪಾತ್ರೆಗಳನ್ನೇ ಮತ್ತೆ ತಿಕ್ಕಿದಳು.

ಆ ವಾರದಲ್ಲೇ ಹಿರಿಯರ ಫೋನ್ ಬಂತು. ಅಪ್ಪ ಎತ್ತಿದರು, ಎರಡು ಮಾತು ಕೇಳಿ ರಿಸೀವರನ್ನು ಅಕ್ಕನಿಗೆ ಚಾಚಿದರು. "ನಿನಗಂತ. ಕಂಪ್ಯೂಟರಿನ್ಯಾಗ ಆವಾಜ ಬರವಲ್ದಂತ." ಅಕ್ಕ ಬಿಡಿಸಿ ಬಿಡಿಸಿ ಹೇಳಿದಳು. ಪಕ್ಕದಲ್ಲಿ ಅಪ್ಪ ನನಗೆ ಕೈಸನ್ನೆ ಮಾಡುತ್ತಿದ್ದರು: ಸಂಬಂಧದ ಮಾತು ಕೇಳು, ನೀ ಕೇಳು. ನಾನು ಅವರಿಗೆ ಸನ್ನೆ ಮಾಡಿದೆ: ನೀವು ಕೇಳ್ರಿ. ಇಬ್ಬರು ಗಂಡಸರು ಮೂಕರ ಹಾಗೆ ಕೈ ಆಡಿಸುತ್ತಿರುವಾಗ ಅಕ್ಕನೇ ಅಂದಳು:

"ಕಾಕಾ, ನಮ್ಮ ಮಾತು ಏನಾತ್ರಿ?"

ಆ ಕಡೆಯ ದನಿ ನಮಗೆ ಕೇಳಲಿಲ್ಲ. ಅಕ್ಕ ಫೋನ್ ಇಟ್ಟಳು. "ಹೂಂ ಅಂದ್ರು. ನೌಕರಿ ಬಿಡಬ್ಯಾಡ ಅಂದ್ರು," ಎಂದು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

ಅಪ್ಪ ಅಂಗಿ ಹಾಕಿಕೊಂಡು ಹೊರಬಿದ್ದರು. ದುರ್ಗದಬೈಲಿನ ಪೇಟೆಗೆ ಹೋಗಿ ಸಿಹಿ ತಂದರು ಎಂದು ಈಗ ನಾವೆಲ್ಲ ಹೇಳುತ್ತೇವೆ. ನಾನು ಗೇಟಿನಲ್ಲಿ ನಿಂತಿದ್ದೆ. ಅವರು ಓಣಿಯ ತುದಿಯವರೆಗೆ ಹೋಗಿ ನಮ್ಮ ಮನೆಗೆ ಬೆನ್ನು ಮಾಡಿ ಬಹಳ ಹೊತ್ತು ನಿಂತರು, ಬರಿಗೈಯಲ್ಲಿ ತಿರುಗಿ ಬಂದರು. ಅಕ್ಕ ತಾಟು ಹಾಕಿ ಕರೆದಳು. ಊಟ ಮುಗಿಯುವವರೆಗೆ ಅಪ್ಪನೂ ನಾನೂ ತಾಟಿನಿಂದ ತಲೆ ಎತ್ತಲಿಲ್ಲ.