ಬೀಜಾಡಿಯ ನೀಲಿ ಬಲೆ

2024ರಲ್ಲಿ ನಾನು ಬ್ರಹ್ಮಾವರದ ಬಾಡಿಗೆ ಮನೆಯ ಮಹಡಿಯಲ್ಲಿ ಕುಳಿತು ಹೊರದೇಶದ ಒಂದು ಸ್ಟಾಕ್ ಫೋಟೋ ಸೈಟಿಗೆ ಚಿತ್ರ ಪರಿಶೀಲಕನಾಗಿ ದುಡಿಯುತ್ತಿದ್ದೆ. ಸ್ಟಾಕ್ ಫೋಟೋ ಎಂದರೆ ಯಾರೋ ತೆಗೆದು ಮಾರಾಟಕ್ಕೆ ಇಟ್ಟ ಚಿತ್ರ; ಜಾಹೀರಾತಿಗೋ ಪತ್ರಿಕೆಗೋ ಬೇಕಾದವರು ಅಲ್ಲಿಂದ ಕೊಂಡು ಬಳಸುತ್ತಾರೆ. ಎಐ ತಯಾರಿಸಿದ ಚಿತ್ರಗಳನ್ನೂ ಆ ಸೈಟಿನಲ್ಲಿ ಮಾರಬಹುದಿತ್ತು, ಆದರೆ ಹಾಗೆಂದು ಗುರುತು ಹಾಕಿಯೇ ಮಾರಬೇಕು. ಗುರುತು ಹಾಕದೆ, ಕ್ಯಾಮೆರಾದಲ್ಲಿ ತೆಗೆದದ್ದು ಎಂದು ನುಸುಳಿಸಿದವನ್ನು ಹಿಡಿಯುವುದು ನನ್ನ ಕೆಲಸ.

ಮನೆಗೆ ಬೀಗ ಹಾಕಿ, ಬಸ್ ಹತ್ತಿ, ಬೀಗ ಹಾಕಿದೆನೋ ಇಲ್ಲವೋ ಎಂದು ಇಳಿದು ವಾಪಸು ಬರುವ ಜಾತಿಯವನು ನಾನು. ನನ್ನಂಥವನಿಗೆ ಅನುಮಾನಪಡುವುದಕ್ಕೇ ಸಂಬಳ ಸಿಕ್ಕಿದ್ದು ದೊಡ್ಡ ಭಾಗ್ಯ. ಆದರೆ ಆ ರೋಗ ಕಚೇರಿಯ ಸಮಯಕ್ಕಷ್ಟೇ ನಿಲ್ಲಲಿಲ್ಲ. ಎಐ ಚಿತ್ರಗಳಲ್ಲಿ ಬೆರಳು ಹೆಚ್ಚುಕಡಿಮೆಯಾಗುವುದುಂಟು. ನೆರೆಮನೆಯ ಮದುವೆ ಆಲ್ಬಮ್ ನೋಡುವಾಗಲೂ ನಾನು ಬೀಗರ ಬೆರಳು ಎಣಿಸುತ್ತ ಕುಳಿತೆ. ಮದುಮಗಳ ಅಮ್ಮ ಮೆಲ್ಲಗೆ ಆಲ್ಬಮ್ ಹಿಂದಕ್ಕೆ ತೆಗೆದುಕೊಂಡರು.

ಆ ವರ್ಷದ ಕೊನೆಗೆ ಒಂದು ಮೇಲ್ಮನವಿ ನನ್ನ ಪಾಲಿಗೆ ಬಂತು. ಕಪ್ಪು ಕಡಲು. ಸೊಂಟದ ತನಕ ನೀರಿನಲ್ಲಿ ನಿಂತ ಒಬ್ಬ ಮನುಷ್ಯ. ಅವನ ಎದುರು, ಬೀಸುಬಲೆ ಬಿದ್ದ ಜಾಗದಲ್ಲಿ, ನೀಲಿ ಬೆಂಕಿಯ ದೊಡ್ಡ ಬಳೆ. ಪತ್ತೆ ಮಾಡುವ ಸಾಫ್ಟ್‌ವೇರ್ ಅದನ್ನು ಎಐ ಎಂದು ತಳ್ಳಿಹಾಕಿತ್ತು. ನನಗೂ ಹಾಗೇ ಅನ್ನಿಸಿತು. ಸೂಕ್ಷ್ಮಜೀವಿಗಳಿಂದಾಗಿ ಕಡಲು ಕೆಲವೊಮ್ಮೆ ರಾತ್ರಿ ನೀಲಿಯಾಗಿ ಮಿನುಗುತ್ತದೆ ಎಂದು ಓದಿದ್ದೆ, ಆದರೆ ಹೀಗೆ ಕೈವಾರ ಹಿಡಿದು ಬರೆದ ಹಾಗೆಯೇ? ಮೇಲಾಗಿ ಚಿತ್ರದಲ್ಲಿ ದೀಪವೇ ಇಲ್ಲ. ಕತ್ತಲಲ್ಲಿ ಮೀನು ಹಿಡಿಯುವವನಿಗೆ ಒಂದು ಟಾರ್ಚಾದರೂ ಬೇಡವೇ? ಎಐ ಎಡವುವುದು ಇಲ್ಲೇ: ಚಂದ ಮಾಡುತ್ತದೆ, ಮನುಷ್ಯನ ಅನುಕೂಲ ಮರೆಯುತ್ತದೆ.

ಚಿತ್ರ ಕಳಿಸಿದವರು ಬೀಜಾಡಿಯ ಪ್ರೇಮಾ. ಕೋಟೇಶ್ವರದಲ್ಲಿ ಸಣ್ಣ ಸ್ಟುಡಿಯೋ, ಮದುವೆ ಮುಂಜಿಯ ಫೋಟೋ, ಬಿಡುವಿನಲ್ಲಿ ಕಡಲಿನದು. ವರ್ಷಗಟ್ಟಲೆ ಕೂಡಿಸಿದ ಅವರ ಕಡಲಿನ ಚಿತ್ರಗಳೆಲ್ಲ ನಮ್ಮ ಸೈಟಿನಲ್ಲಿದ್ದವು. ನಾನೂ ಎಐ ಎಂದರೆ ಅವರ ಖಾತೆ ಮುಚ್ಚುತ್ತದೆ, ಚಿತ್ರಗಳೆಲ್ಲ ಹೋಗುತ್ತವೆ, ಹೆಸರಿಗೆ ಮೋಸಗಾತಿ ಎಂಬ ಮುದ್ರೆ ಬೀಳುತ್ತದೆ. ಕೊನೆಯ ಮಾತು ನನ್ನದು. ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಊರಿನವರು ಎಂದು ತಿಳಿದ ಮೇಲೆ ನನಗೆ ಊಟ ರುಚಿಸಲಿಲ್ಲ.

ಅಹವಾಲು ಕೇಳಲು ಫೋನ್ ಮಾಡುವ ಅವಕಾಶ ನಮಗಿತ್ತು. ಕ್ಯಾಮೆರಾದ ಮೂಲ ಫೈಲ್ ಕೊಡಿ ಎಂದೆ. ಇಲ್ಲವಂತೆ; ಮರುದಿನದ ಮದುವೆಗೆಂದು ಮೆಮರಿ ಕಾರ್ಡ್ ಖಾಲಿ ಮಾಡುವಾಗ ಅದೂ ಹೋಗಿತ್ತು. ಫೋನಿನಲ್ಲಿ ಚಿತ್ರ ತಿದ್ದುವಾಗ ಅದರೊಳಗಿನ ಕ್ಯಾಮೆರಾ ವಿವರವೂ ಅಳಿಸಿಹೋಗಿತ್ತು. "ಕಾರ್ಡ್ ಇಪ್ಪುದೇ ಎರಡ್" ಎಂದರು ಪ್ರೇಮಾ. "ಬೆಳಿಗ್ಗೆ ಮದಿಗ್ ಹೋಯ್ಕಿತ್ತ್, ಖಾಲಿ ಮಾಡ್ದೆ ಎಂತ ಮಾಡುದ್?"

ಎಐ ಚಿತ್ರ ನುಸುಳಿಸುವವರೂ ಇದನ್ನೇ ಹೇಳುತ್ತಾರೆ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಬೇರೆ ಸಾಕ್ಷಿ ಏನಾದರೂ ಇದೆಯೇ ಎಂದಷ್ಟೇ ಕೇಳಿದೆ.

"ನೀವೇ ಬಂದ್ ಕಾಣಿ. ಆ ಬೆಳಕ್ ಇವತ್ತಿಗ್ ಇತ್ತ್, ನಾಳೆಗ್ ಹೇಳುಕಾತಿಲ್ಲ."

ಪರಿಶೀಲಕರು ಕಡಲಿಗೆ ಹೋಗಬೇಕು ಎಂದು ನಮ್ಮ ನಿಯಮಗಳಲ್ಲಿ ಎಲ್ಲೂ ಇರಲಿಲ್ಲ. ಆದರೂ ಹೊರಟೆ. ನಾನು ಒಳನಾಡಿನ ಕೊಕ್ಕರ್ಣೆಯಲ್ಲಿ ಬೆಳೆದವನು. ಕಡಲು ಕಂಡದ್ದೆಲ್ಲ ಹಗಲಿನಲ್ಲಿ, ದಡದಿಂದ. ಒಂದು ಟಾರ್ಚು, ಅದು ಕೈಕೊಟ್ಟರೆ ಇನ್ನೊಂದು ಟಾರ್ಚು, ಸ್ವೆಟರ್, ಜ್ವರದ ಮಾತ್ರೆ ಚೀಲಕ್ಕೆ ಸೇರಿದವು. ಹೊರಟಿರುವುದು ಬೀಜಾಡಿಗೋ ಬದರಿಗೋ ಎಂದು ಹೆಂಡತಿ ವಿಚಾರಿಸಿದಳು.

ಕೋಟೇಶ್ವರದಲ್ಲಿ ಬಸ್ಸಿಳಿದು ಆಟೋ ಹಿಡಿದು ಬೀಜಾಡಿ ತಲುಪುವಾಗ ಆಗಷ್ಟೇ ಕತ್ತಲು ಕವಿದಿತ್ತು. ಪ್ರೇಮಾ ಟ್ರೈಪಾಡ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಪಕ್ಕದಲ್ಲಿ ಅವರ ಗಂಡ ಗೋವಿಂದ, ಹೆಗಲ ಮೇಲೆ ಬಲೆ, ಚಿತ್ರದಲ್ಲಿದ್ದ ಮನುಷ್ಯ. ನಾನು ಟಾರ್ಚ್ ಹಾಕಿ ಕಡಲನ್ನು ಪರಿಶೀಲಿಸಿದೆ. ಕೆಸರು ಬಣ್ಣದ ನೀರು, ಬಿಳಿ ನೊರೆ, ಅಷ್ಟೇ. ಛೆ ಎನ್ನಿಸಿತು. ಜೊತೆಗೇ, ನಾನು ಅಂದದ್ದೇ ಸರಿಯಾಯಿತು ಎಂಬ ಒಂದು ಹಾಳು ಸಮಾಧಾನ.

"ಹ್ವಾಯ್, ಆ ಲೈಟ್ ಆಫ್ ಮಾಡಿ ಮಾರಾಯ್ರೆ" ಎಂದರು ಗೋವಿಂದ. "ಅದಿದ್ರೆ ಮೀನ್ ಕಾಂತಿಲ್ಲ."

ನೀರು ಹೀಗಿರುವ ದಿನಗಳಲ್ಲಿ ಇಲ್ಲಿ ಯಾರೂ ದೀಪ ಒಯ್ಯುವುದಿಲ್ಲವಂತೆ. ಮೀನು ಓಡಿದರೆ ನೀರು ತಾನೇ ಬೆಳಗುತ್ತದೆ. ಆ ಗೆರೆ ನೋಡಿಕೊಂಡು ಬಲೆ ಬೀಸುವುದು. ದೀಪ ಹಾಕಿದರೆ ಗೆರೆ ಅಳಿಸಿಹೋಗುತ್ತದೆ. ನಾನು ಯಾವುದನ್ನು ಸುಳ್ಳಿನ ಸಾಕ್ಷಿ ಎಂದುಕೊಂಡಿದ್ದೆನೋ ಅದು ಅವರ ಕಸುಬಿನ ಕ್ರಮವಾಗಿತ್ತು.

ಟಾರ್ಚ್ ಆರಿಸಿದೆ. ಕಣ್ಣಿಗೆ ಕತ್ತಲು ಒಗ್ಗುವ ತನಕ ಏನೂ ಇಲ್ಲ. ಆಮೇಲೆ ದೂರದಲ್ಲಿ ಒಂದು ಅಲೆ ಮುರಿಯಿತು, ಮುರಿದ ಉದ್ದಕ್ಕೂ ನೀಲಿ ಹೊತ್ತಿಕೊಂಡಿತು. ಅದರ ಹಿಂದೆ ಇನ್ನೊಂದು. ಹಸಿ ಮರಳಿನಲ್ಲಿ ಹೆಜ್ಜೆ ಇಟ್ಟರೆ ಪಾದದ ಸುತ್ತ ಕಿಡಿ. ಗೋವಿಂದ ನೀರಿಗಿಳಿದಂತೆ ಅವರ ಕಾಲು, ತೊಡೆ, ಸೊಂಟ ಬೆಳಕಿನಿಂದ ಬಿಡಿಸಿದ ಹಾಗೆ ಒಂದೊಂದಾಗಿ ಮೂಡಿದವು. ನೀರಿನಡಿ ನಾಲ್ಕಾರು ಗೆರೆಗಳು ಸರ್ರನೆ ಹಾದವು. ಅವರು ಸೊಂಟ ತಿರುಗಿಸಿ ಬಲೆ ಬೀಸಿದರು. ಬಲೆಯೇ ಕಾಣಲಿಲ್ಲ, ಅದರ ಅಂಚು ನೀರು ಮುಟ್ಟಿದಲ್ಲೆಲ್ಲ ನೀಲಿ ಬಳೆಯೊಂದು ಒಮ್ಮೆಲೇ ಅರಳಿ, ಒಳಗೆಲ್ಲ ಮೀನು ಒದ್ದಾಡಿ ನಕ್ಷತ್ರ ಎರಚಿದಂತಾಗಿ, ಮೆಲ್ಲಗೆ ಆರಿತು.

ನನ್ನ ಚಪ್ಪಲಿ ಅಲೆಗೆ ಕೊಚ್ಚಿಕೊಂಡು ಹೋದದ್ದು ನನಗೆ ತಿಳಿದದ್ದು ಬಹಳ ಹೊತ್ತಿನ ಮೇಲೆ. ಆ ಸಂಜೆ ಯಾವುದರ ಬಗ್ಗೆಯೂ ಚಿಂತೆ ಬರಲಿಲ್ಲ. ನನ್ನ ಮಟ್ಟಿಗೆ ಇದೂ ಒಂದು ಪವಾಡವೇ.

"ಈಗ ಇದನ್ನ್ ಯಾರ್ ಮಾಡದ್ ಅಂದೇಳಿ ಬರೀತ್ರಿ?" ಕತ್ತಲಲ್ಲಿ ಪ್ರೇಮಾ ಕೇಳಿದರು.

ಅವರು ಮತ್ತೆ ಕೆಲವು ಚಿತ್ರ ತೆಗೆದರು. ಈ ಸಲದ ಬಳೆ ಒಂದು ಕಡೆ ಅಲೆಗೆ ಸಿಕ್ಕಿ ಹರಿದಿತ್ತು, ಮೊದಲಿನಷ್ಟು ಚಂದ ಬರಲಿಲ್ಲ. ಆದರೆ ಮೂಲ ಫೈಲುಗಳಿದ್ದವು. ಅವನ್ನು ಲಗತ್ತಿಸಿ, ಕಣ್ಣಾರೆ ಕಂಡಿದ್ದೇನೆ ಎಂದು ಬರೆದು ಮೇಲ್ಮನವಿಯನ್ನು ಎತ್ತಿಹಿಡಿದೆ. ಪ್ರೇಮಾ ಅವರ ಖಾತೆ ಉಳಿಯಿತು.

ಸ್ವಲ್ಪ ದಿನದಲ್ಲೇ ಬೇರೆ ಯಾರೋ ಕಳಿಸಿದ ಚಿತ್ರವೊಂದು ನನ್ನ ಪರಿಶೀಲನೆಗೆ ಬಂತು. ಕರ್ನಾಟಕ ಕರಾವಳಿಯ ಮೀನುಗಾರ, ನೀಲಿ ಕಡಲು, ಹನಿ ಹನಿಯೂ ಮುತ್ತು. ಎಐ ಎಂಬ ಗುರುತಿಲ್ಲ. ಸಾಫ್ಟ್‌ವೇರ್ ಅದನ್ನು ಅಸಲಿ ಫೋಟೋ ಎಂದು ಪಾಸು ಮಾಡಿತ್ತು. ಮೀನುಗಾರನ ಕೈಯಲ್ಲಿ ಉರಿಯುವ ಲಾಟೀನು, ಮುಖದ ಮೇಲೆ ಹೊನ್ನಿನ ಬೆಳಕು.

ಚಿತ್ರವನ್ನು ಎಷ್ಟೇ ಹಿಗ್ಗಿಸಿ ನೋಡಿದರೂ ಅದರಾಚೆಯ ಲೋಕ ಗೊತ್ತಿಲ್ಲದಿದ್ದರೆ ಸುಳ್ಳೂ ತಿಳಿಯುವುದಿಲ್ಲ, ನಿಜವೂ ತಿಳಿಯುವುದಿಲ್ಲ; ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಚಿತ್ರ ತಿರಸ್ಕರಿಸಿ, ಕಾರಣದ ಜಾಗದಲ್ಲಿ ಬರೆದೆ: ದೀಪ ಹಿಡಿದವನಿಗೆ ಈ ಕಡಲು ಕಾಣುವುದಿಲ್ಲ.